ತಮ್ಮ ಬಸವ

ಹೋದ ತಿಂಗಳು ತವರಿಗೆ ಹೋಗಿದ್ದಾಗ ಹೆಳವಯ್ಯನ ಮೊಮ್ಮಗ ಸ್ಕೂಟರಿನ ಮೇಲೆ ಬಂದ. ಹೊಂಗೇಕೊಪ್ಪಲಿನ ನಮ್ಮ ಮನೆಯ ಅಂಗಳದಲ್ಲಿ ಸ್ಟ್ಯಾಂಡ್ ಹಾಕಿ, ಹೆಲ್ಮೆಟ್ ತೆಗೆದು, ಎಲ್ಲರ ಎದುರಿಗೇ ಎರಡು ಕಾಲನ್ನೂ ನೆಲಕ್ಕೆ ಊರಿ ನಿಂತ. ನಾನು ತಟ್ಟನೆ ಮುಖ ಎತ್ತಿ ಆಕಾಶ ನೋಡಿದೆ. ಪಕ್ಕದಲ್ಲಿ ಕೂತಿದ್ದ ನನ್ನ ಅಣ್ಣನೂ ಆಕಾಶ ನೋಡಿದ. ಅಣ್ಣನ ಮೊಮ್ಮಗಳು ಕಾವ್ಯ ಕಾಲೇಜಿಗೆ ಹೋಗುವ ಹುಡುಗಿ. “ಏನಜ್ಜಿ, ಮೋಡ ಆಗಿದ್ಯಾ?” ಎಂದು ಅವಳೂ ಮೇಲೆ ನೋಡಿದಳು.

ಹುಡುಗ ಜಗಲಿಯ ಮೇಲೆ ಕೂತು ಚೀಲದಿಂದ ವಂಶಾವಳಿಯ ಹೊತ್ತಿಗೆ ತೆಗೆದ. ಬಜೆಬೇರಿನ ವಾಸನೆ ಗಮ್ಮೆಂದು ಬಂತು. ಹುಳ ಹಿಡಿಯದಿರಲಿ ಎಂದು ಹಾಳೆಗಳ ನಡುವೆ ಆ ಬೇರನ್ನು ಇಟ್ಟಿರುತ್ತಾರೆ. ಬಜೆ ಎಂದರೆ ಬೇರೆ ಹೆಂಗಸರಿಗೆ ಬಾಣಂತನ ನೆನಪಾಗುತ್ತದೆ. ನನಗೆ ಮಾತ್ರ ನನ್ನ ಮದುವೆ ನಿಂತುಹೋದ ಸುಗ್ಗಿ ನೆನಪಾಗುತ್ತದೆ.

ಆಗ ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ನನಗೆ ಹದಿನೇಳು. ಗಾವಡಗೆರೆಗೆ ದಿನಾ ನಡೆದುಹೋಗಿ ಮಿಡ್ಲ್ ಸ್ಕೂಲು ಮುಗಿಸಿದ್ದೆ. ನಮ್ಮ ಕೊಪ್ಪಲಿನಲ್ಲಿ ಅಷ್ಟು ಓದಿದ ಹೆಣ್ಣು ನಾನೊಬ್ಬಳೇ. ಅದರಿಂದ ಆದ ಉಪಯೋಗವೆಂದರೆ ಊರವರ ಕಾಗದಗಳನ್ನು ಓದಿ ಹೇಳುವುದು, ಆಮೇಲೆ ಅವರ ಮನೆಯ ಗುಟ್ಟೆಲ್ಲ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವುದು. ಎರಡನೆಯ ಕೆಲಸ ನನಗೆ ಬಲು ಕಷ್ಟವಾಗಿತ್ತು.

ಹೆಳವಯ್ಯ ಮೂರು ವರ್ಷಕ್ಕೊಮ್ಮೆ ಸುಗ್ಗಿ ಕಾಲಕ್ಕೆ ಬರುತ್ತಿದ್ದ. ಹೆಳವ ಎಂದರೆ ಕಾಲಿಲ್ಲದವನು. ಅವರ ಮೂಲದವನೊಬ್ಬ ನಿಜವಾಗಿಯೂ ಹಾಗಿದ್ದನಂತೆ, ಎತ್ತಿನ ಮೇಲೆ ಕೂತು ಊರೂರು ಸುತ್ತಿ ಒಂದೊಂದು ಮನೆತನದ ತಲೆಮಾರುಗಳನ್ನು ಬರೆದಿಟ್ಟನಂತೆ. ಆಮೇಲೆ ಬಂದವರ ಕಾಲುಗಳೆಲ್ಲ ಗಟ್ಟಿಯಾಗಿಯೇ ಇದ್ದವು. ಆದರೂ ಕಟ್ಟಳೆ ಕಟ್ಟಳೆಯೇ. ಊರು ಹೊಕ್ಕ ಮೇಲೆ ಹೆಳವಯ್ಯ ಎತ್ತಿನ ಮೇಲೆ ಕಂಬಳಿಯೊಳಗೆ ಕಾಲು ಮಡಚಿಕೊಂಡು ಕೂತೇ ಇರುತ್ತಿದ್ದ. ಇಳಿಸಬೇಕಾದರೆ ಇಬ್ಬರು ಗಂಡಸರು ಎತ್ತಿ ಇಳಿಸಬೇಕು. ಅವನಿಗೆ ಕಾಲಿರುವುದು ಊರಿಗೆಲ್ಲ ಗೊತ್ತು, ಆದರೆ ನೋಡಿದೆ ಎಂದು ಯಾರೂ ಹೇಳಬಾರದು. ಬೆಳಗ್ಗೆ ಅವನು ಕೆರೆ ಕಡೆಗೆ ಚೊಂಬು ಹಿಡಿದು ನಡೆದು ಹೋಗುವಾಗ ಎದುರಾದವರೆಲ್ಲ ಆಕಾಶ ನೋಡುತ್ತಿದ್ದರು. ನಮ್ಮೂರಿನವರಿಗೆ ಮಳೆಯ ಲಕ್ಷಣ ಅಷ್ಟು ಚೆನ್ನಾಗಿ ತಿಳಿಯುತ್ತಿದ್ದುದಕ್ಕೆ ಇದೂ ಒಂದು ಕಾರಣವಿರಬೇಕು.

ನಮ್ಮ ಹಿಂದಿನವರು ಎಲ್ಲಿಂದ ಹೊರಟು, ಯಾವ ದಾರಿಯಲ್ಲಿ ನಡೆದು, ಎಲ್ಲೆಲ್ಲಿ ತಂಗಿ ಇಲ್ಲಿಗೆ ಬಂದರು ಎನ್ನುವುದನ್ನು ಹೆಜ್ಜೆ ಹೆಜ್ಜೆಗೂ ಬರೆದಿಟ್ಟ ಪುಸ್ತಕ, ನೆಲಕ್ಕೆ ಕಾಲೂರದ ಈ ಮನುಷ್ಯನ ಹೆಗಲಲ್ಲಿತ್ತು. ನಮಗೆ ಯಾರಿಗೂ ಅದು ವಿಚಿತ್ರವಾಗಿ ಕಾಣುತ್ತಿರಲಿಲ್ಲ.

ಆ ವರ್ಷ ನನಗೆ ಅಂತರಸಂತೆಯಿಂದ ಗಂಡು ಬಂದಿತ್ತು. ಹೆಸರು ಮಹದೇವಪ್ಪ. ಮನೆಯಲ್ಲಿ ಬೇಸಾಯ, ಜೊತೆಗೆ ಮರದ ಡಿಪೋದಲ್ಲಿ ದಿಮ್ಮಿಗಳಿಗೆ ನಂಬರು ಹಾಕುವ ಕೆಲಸ. ಹೆಣ್ಣು ನೋಡಲು ಬಂದ ದಿನ ನಮ್ಮ ಬೆಕ್ಕು ಅವರ ಎಲೆಯಿಂದ ಒಂದು ಹೋಳಿಗೆ ಎಳೆದುಕೊಂಡು ಹೋಯಿತು. ಹಿರಿಯರೆಲ್ಲ ಅಪಶಕುನವೋ ಏನೋ ಎಂದು ಮುಖ ಮುಖ ನೋಡಿಕೊಳ್ಳುತ್ತಿದ್ದರೆ ಮಹದೇವಪ್ಪ ಸದ್ದಿಲ್ಲದೆ ಇನ್ನೊಂದು ಹೋಳಿಗೆ ಮುರಿದು ಬೆಕ್ಕಿನ ಕಡೆಗೆ ಸರಿಸಿದರು. ನಾನು ಬಾಗಿಲ ಸಂದಿಯಿಂದ ನೋಡಿದೆ. ಮದುವೆಯಾದರೆ ಇವರನ್ನೇ ಎಂದು ಅಲ್ಲೇ ನಿಶ್ಚಯ ಮಾಡಿಕೊಂಡೆ.

ನಿಶ್ಚಯಕ್ಕೆ ಇನ್ನೊಂದು ಕಾರಣವೂ ಇತ್ತು. ಅಂತರಸಂತೆ ತಪ್ಪಿದರೆ ನನಗೆ ಗಂಡು ತಯಾರಾಗಿಯೇ ಇದ್ದ. ಅವ್ವನ ತಮ್ಮ ಶಿವಣ್ಣಮಾವ, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪಿನ ವ್ಯಾಪಾರ. ನಲವತ್ತು ದಾಟಿತ್ತು, ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಒಳ್ಳೆಯವನೇ. ಆದರೆ ನಶ್ಯ ಏರಿಸಿದರೆ ಒಂದೇ ಸಮನೆ ಏಳು ಸೀನು ಸೀನುತ್ತಿದ್ದ. ನಾನು ಕೂಸಾಗಿದ್ದಾಗ ಎತ್ತಿಕೊಂಡು ನನ್ನ ನೆತ್ತಿಯ ಮೇಲೇ ಸೀನಿದ್ದನಂತೆ. “ಆಚೆಯೋರ ಸಂಬಂಧ ಕೂಡಿ ಬರ್ಲಿಲ್ಲ ಅಂದ್ರೆ ಮನೇಲೇ ಗಂಡವ್ನೆ, ಯಾಕೆ ಯೋಚ್ನೆ,” ಎಂದು ಅವ್ವ ಆಗಾಗ ಹೇಳುತ್ತಿದ್ದಳು. ಆಗೆಲ್ಲ ನನ್ನ ನೆತ್ತಿ ತಣ್ಣಗಾಗುತ್ತಿತ್ತು.

ರಾಗಿ ಕೊಯ್ಲು ಮುಗಿದು ಮೆದೆ ಒಟ್ಟಿದ್ದರು. ಬೆಳಗ್ಗೆ ಬೆಳಗ್ಗೆ ಇಬ್ಬನಿ, ಅವರೆಕಾಯಿಯ ಸೊಗಡು. ವೀಳ್ಯ ಬದಲಾಯಿಸಲು ಗಂಡಿನ ಕಡೆಯವರು ಎರಡು ಗಾಡಿಯಲ್ಲಿ ಬಂದ ದಿನವೇ ಹೆಳವಯ್ಯನ ಗಂಟೆ ಊರಬಾಗಿಲಲ್ಲಿ ಕೇಳಿತು. ನಮ್ಮ ಅಪ್ಪಯ್ಯ ನಂಜಪ್ಪನವರಿಗೆ ಹಿಗ್ಗೋ ಹಿಗ್ಗು. ಬೀಗರ ಮುಂದೆ ತನ್ನ ಮನೆತನ ಓದಿಸುವ ಇಂಥ ಅವಕಾಶ ಯಾರಿಗೆ ಸಿಗುತ್ತದೆ? “ಓದ್ರಿ ಹೆಳವಯ್ಯ, ಬುಡದಿಂದ ಓದ್ರಿ,” ಎಂದರು.

ಹೆಳವಯ್ಯ ಎತ್ತಿನ ಮೇಲೆ ಕೂತೇ ಹೊತ್ತಿಗೆ ಬಿಚ್ಚಿದ. ಅವನ ಅಜ್ಜ ಓಲೆಗರಿಯಿಂದ ಕಾಗದಕ್ಕೆ ಇಳಿಸಿದ ಪುಸ್ತಕ ಅದು. ಕಂಠ ಮಾತ್ರ ಭರ್ಜರಿ. “ಅಂತರಸಂತೆ ಸೀಮೆಯಲಿ ಕಾಡಾನೆ ಕಾಟ ವಿಪರೀತವಾಗಲಾಗಿ, ಮೂಲಪುರುಷರಾದ ಮುದ್ದಪ್ಪನವರು ತಮ್ಮ ಬಸವನ ಅಂತರಸಂತೆಯಲಿ ಬಿಟ್ಟು,” ಎಂದು ನಿಲ್ಲಿಸಿ, ಬೆರಳಿಗೆ ಎಂಜಲು ಹಚ್ಚಿ ಹಾಳೆ ಮಗುಚಿ, “ಹೊಂಗೇಕೊಪ್ಪಲಿಗೆ ಬಂದು ನೆಲೆನಿಂತರು,” ಎಂದ.

ಜಗಲಿಯಲ್ಲಿ ಕೂತಿದ್ದ ಗಂಡಿನ ತಂದೆ ಸಿದ್ದಪ್ಪನವರು ಎದ್ದು ನಿಂತರು. “ಏನಂದ್ರಿ? ತಮ್ಮ ಬಸವನ್ನಾ? ನಮ್ ಮೂಲ್ಪುರುಷ ಬಸಪ್ಪನೇ ಕಣ್ರೀ! ಅಂತರಸಂತೇಲೇ ಇದ್ದೋರು!”

ಅಪ್ಪಯ್ಯನ ಬಾಯಿಂದ, “ಅಂಗಂದ್ರೆ ನೀವು ನಮ್ ದಾಯಾದಿಗಳು!” ಎಂದು ಹೊರಟಿತು. ಏಳು ತಲೆಮಾರಿನ ಹಿಂದೆ ಅಗಲಿದ ಅಣ್ಣತಮ್ಮಂದಿರ ಮಕ್ಕಳು ಅಂಗಳದ ನಡುವೆ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ನನ್ನ ಅಜ್ಜಿ ಅತ್ತಳು. ಗಂಡಿನ ತಾಯಿ ಓಡಿ ಬಂದು, “ನನ್ ಮಗಳೇ!” ಎಂದು ನನ್ನನ್ನು ಅಪ್ಪಿಕೊಂಡರು. ಸೊಸೆ ಎಂದು ಕರೆಸಿಕೊಳ್ಳಬೇಕು ಎಂದು ಬೆಳಗಿನಿಂದ ರೇಷ್ಮೆ ಸೀರೆ ಉಟ್ಟು ಕಾಯುತ್ತಿದ್ದವಳು ನಾನು. ಈ ಕುಣಿತದಲ್ಲಿ ಮದುವೆ ಮುರಿದು ಬಿದ್ದದ್ದನ್ನು ಮೊದಲು ಗಮನಿಸಿದವಳು ನಾನೊಬ್ಬಳೇ. ಎರಡನೆಯವರು ಮಹದೇವಪ್ಪ. ಬಾಯಲ್ಲಿದ್ದ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು.

ಒಂದೇ ವಂಶದ ಗಂಡು ಹೆಣ್ಣು ಅಣ್ಣತಂಗಿ. ಅದರಲ್ಲಿ ಮಾತಿಲ್ಲ. ವೀಳ್ಯದ ತಟ್ಟೆ ಒಳಗೆ ಹೋಯಿತು. ಮಾಡಿದ ಅಡಿಗೆ ಹಾಳಾಗಬಾರದೆಂದು ಪಂಕ್ತಿ ಹಾಕಿದರು. ಅಜ್ಜಿ ನನ್ನ ಕೈಗೆ ತುಪ್ಪದ ಗಿಂಡಿ ಕೊಟ್ಟು, “ಗೌರೀ, ಅಣ್ಣಂಗೆ ತುಪ್ಪ ಬಡ್ಸವ್ವ,” ಎಂದಳು. ನಾನು ಬಡಿಸಿದೆ. ಬಡಿಸುತ್ತಲೇ ಇದ್ದೆ, ಹೋಳಿಗೆ ಮುಳುಗಿ ತುಪ್ಪ ಎಲೆಯಾಚೆ ಹರಿಯಿತು. ಮಹದೇವಪ್ಪ, “ಸಾಕು,” ಎಂದು ಮುಂದೆ ಏನೋ ಕರೆಯಲು ಹೋಗಿ ಕೆಮ್ಮಿದರು. ‘ತಂಗಿ’ ಎನ್ನಲು ಆಗಲಿಲ್ಲ. ಆ ಕೆಮ್ಮಿಗಾಗಿ ನಾನು ಇವತ್ತಿಗೂ ಅವರಿಗೆ ಋಣಿ.

ಮದುವೆ ಮುರಿದರೆ ಗಂಡಿನ ಕಡೆಯವರು ಎದ್ದು ಹೋಗಬೇಕು. ಇವರು ದಾಯಾದಿಗಳಾದ್ದರಿಂದ ಉಳಿದುಕೊಂಡರು. ಅಪ್ಪಯ್ಯನೂ ಸಿದ್ದಪ್ಪನವರೂ ಹೆಗಲ ಮೇಲೆ ಕೈ ಹಾಕಿಕೊಂಡು ಹೊಲ ಸುತ್ತಿದರು, ಒಂದೇ ತಟ್ಟೆಯಲ್ಲಿ ಅವರೆಕಾಳು ಹಿದುಕಿದರು. ಇಬ್ಬರ ಮೂಗೂ ಒಂದೇ ತರ ಇದೆ ಎಂದು ಅಜ್ಜಿ ಕಂಡುಹಿಡಿದಳು. ನನಗೆ ಕಂಡಂತೆ ಅಪ್ಪಯ್ಯನದು ಮೊಂಡು ಮೂಗು, ಅವರದು ಕೊಕ್ಕೆ ಮೂಗು. ಆದರೆ ಅವರ ಸಂತೋಷ ಸುಳ್ಳಾಗಿರಲಿಲ್ಲ. ಅಪ್ಪಯ್ಯ ಒಬ್ಬನೇ ಮಗನಾಗಿ ಹುಟ್ಟಿದವರು, ಒಬ್ಬ ತಮ್ಮನಿರಲಿಲ್ಲವಲ್ಲ ಎಂಬ ಕೊರಗು ಅವರಿಗೆ ಯಾವತ್ತೂ ಇತ್ತು. ಐವತ್ತು ವರ್ಷಕ್ಕೆ ಸಿಕ್ಕ ತಮ್ಮನನ್ನು ಅವರು ನೆಲಕ್ಕೆ ಬಿಡಲಿಲ್ಲ. ನಾನು ಕೊಟ್ಟಿಗೆಯಲ್ಲಿ ಹಸುವಿನ ಕೊರಳು ಹಿಡಿದು ಅತ್ತೆ. ಹಸು ನನ್ನ ಸೆರಗು ತಿಂದಿತು.

ಸುದ್ದಿ ಪಿರಿಯಾಪಟ್ಟಣ ಮುಟ್ಟಲು ಎರಡೇ ದಿನ ಸಾಕಾಯಿತು. ಮೂರನೆಯ ದಿನ ಶಿವಣ್ಣಮಾವ ಹುಣಸೂರಿಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ಗಾಡಿ ಕಟ್ಟಿಸಿಕೊಂಡು, ಹೊಸ ಶಲ್ಯ ಹೊದ್ದು ಇಳಿದ. ಮೀಸೆಗೆ ಕಪ್ಪು ಹಚ್ಚಿದ್ದ. “ಏನಕ್ಕಾ, ಸಮಾಚಾರ ಇಂಗಾಯ್ತಂತಲ್ಲ, ಪಾಪ,” ಎಂದು ಅವ್ವನ ಹತ್ತಿರ ಹೇಳುವಾಗ ಹಲ್ಲೆಲ್ಲ ಕಾಣುತ್ತಿತ್ತು.

ಆ ಹೊತ್ತಿಗೆ ನಾವೆಲ್ಲ ಕಣದಲ್ಲಿದ್ದೆವು. ಹೆಳವಯ್ಯ ತನಗೆ ಸಲ್ಲುವ ರಾಗಿ ತೆಗೆದುಕೊಂಡು ಹೊರಡುವ ಶಾಸ್ತ್ರ. ಎತ್ತಿನ ಮೇಲೆ ಕೂತು ಮನೆತನಕ್ಕೆ ಹರಸುತ್ತಿದ್ದ. ಮಾವ ಎತ್ತಿನ ಪಕ್ಕಕ್ಕೇ ಬಂದು ನಿಂತು, ಸಂತೋಷ ತಡೆಯಲಾರದೆ ನಶ್ಯದ ಡಬ್ಬಿ ತೆರೆದ. ಗಾಳಿ ಬೀಸಿತು. ನಶ್ಯ ಒಂದಿಷ್ಟೂ ಮಾವನ ಮೂಗಿಗೆ ಹೋಗಲಿಲ್ಲ.

ಎತ್ತು ಸೀನುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮೊದಲನೆಯ ಸೀನಿಗೆ ಕೊರಳ ಗಂಟೆ ಹಾರಿತು. ಎರಡನೆಯದಕ್ಕೆ ಹೆಳವಯ್ಯ ಹಾರಿ ಹುಲ್ಲಿನ ಮೆದೆಯ ಮೇಲೆ ಬಿದ್ದ. ಮೂರನೆಯದಕ್ಕೆ ಕಾಯದೆ ಎತ್ತು ಬಾಲ ಎತ್ತಿಕೊಂಡು ಕೆರೆಯ ಕಡೆಗೆ ಓಟ ಕಿತ್ತಿತು. “ಅಯ್ಯೋ ನನ್ ಎತ್ತು!” ಎಂದು ಹೆಳವಯ್ಯ ಕಂಬಳಿ ಕೊಡವಿ ಎದ್ದ, ಕಚ್ಚೆ ಬಿಗಿದ, ಅದರ ಹಿಂದೆ ಓಡಿದ. ಅಂಥ ಓಟ ನಮ್ಮ ಹೋಬಳಿಯಲ್ಲಿ ಯಾರೂ ಓಡಿರಲಿಲ್ಲ. ಕಣದಲ್ಲಿದ್ದ ಅಷ್ಟೂ ಜನ ಒಟ್ಟಿಗೆ ತಲೆಯೆತ್ತಿ ಆಕಾಶ ನೋಡಿದರು. “ಈ ಸಲ ಮಳೆ ಎಂಗೋ ಏನೋ,” ಎಂದರು ಅಪ್ಪಯ್ಯ. “ಬಂದೀತು ಬುಡಣ್ಣ,” ಎಂದರು ಸಿದ್ದಪ್ಪನವರು.

ಎಲ್ಲರೂ ಮೇಲೆ ನೋಡುತ್ತಿದ್ದಾಗ ನಾನು ಕೆಳಗೆ ನೋಡಿದೆ. ಮೆದೆಯ ಬುಡದಲ್ಲಿ ಹೆಳವಯ್ಯನ ಚೀಲ ಬಿದ್ದಿತ್ತು.

ಹೆಂಗಸರು ಹೊತ್ತಿಗೆ ಮುಟ್ಟಬಾರದು. ನಾನು ಮೆದೆಯ ಹಿಂದಕ್ಕೆ ಹೋಗಿ ಮುಟ್ಟಿದೆ. ನಮ್ಮ ಮನೆತನದ ಪುಟ ಹುಡುಕುವುದು ಕಷ್ಟವಾಗಲಿಲ್ಲ. ಪದಕ್ಕೂ ಪದಕ್ಕೂ ಸಂದಿಯಿಲ್ಲದ ಹಳೆಯ ಬರವಣಿಗೆ. ‘ತಮ್ಮ ಬಸವನ ಅಂತರಸಂತೆಯಲಿ ಬಿಟ್ಟು’ ಎಂದು ಪುಟ ಮುಗಿದಿತ್ತು. ಹಾಳೆ ಮಗುಚಲು ಹೋದರೆ ದಪ್ಪವಾಗಿ ಸಿಕ್ಕಿತು. ಎರಡು ಹಾಳೆ ಅಂಟಿಕೊಂಡಿದ್ದವು, ಯಾವ ಕಾಲದಲ್ಲೋ ಎಣ್ಣೆಯೋ ಬೆಲ್ಲವೋ ಬಿದ್ದು. ಉಗುಳು ಹಚ್ಚಿ ಉಗುರಿನಿಂದ ಮೆಲ್ಲಗೆ ಬಿಡಿಸಿದೆ. ಒಳಗೆ ಹೀಗಿತ್ತು:

‘ಬಂದರು. ಸದರಿ ಬಸವ ಬಿಳಿ ಬಣ್ಣ, ನಾಲ್ಕು ಹಲ್ಲು, ಎಡಗೊಂಬು ಡೊಂಕು. ಕಾಲು ಕುಂಟಾದ್ದರಿಂದ ದಾರಿ ನಡೆಯಲಾರದು. ಆಮೇಲೆ ಗಾವಡಗೆರೆ ಮಾರ್ಗವಾಗಿ’

ನನಗೆ ನಗು ಬಂತೋ ಅಳು ಬಂತೋ ಈಗಲೂ ಹೇಳಲಾರೆ. ಮುದ್ದಪ್ಪನವರು ಬಿಟ್ಟು ಬಂದದ್ದು ಒಡಹುಟ್ಟಿದ ತಮ್ಮನನ್ನಲ್ಲ. ತಮ್ಮ ಎತ್ತನ್ನು.

ಹೆಳವಯ್ಯ ಎತ್ತು ಹಿಡಿದುಕೊಂಡು ಏದುಸಿರು ಬಿಡುತ್ತಾ ಮೆದೆಯ ಹಿಂಬದಿಯಿಂದಲೇ ಬಂದ. ನನ್ನ ಕೈಯಲ್ಲಿ ಹೊತ್ತಿಗೆ ಕಂಡು ಕುಸಿದು ಕೂತು ಕಾಲು ಮಡಚಿಕೊಂಡ. “ತಾಯೀ, ಮುಟ್ಬುಟ್ಯಾ!”

“ಮುಟ್ಟಿದೀನಿ, ಓದೂ ಇದೀನಿ. ಇದೇನ್ರಿ ಇದು?” ಎಂದು ಹಾಳೆ ತೋರಿಸಿದೆ.

ಅವನು ಓದಿದ. ಮತ್ತೊಮ್ಮೆ ಓದಿದ. ಮುಖ ಬಿಳಿಚಿಕೊಂಡಿತು. “ನಮ್ಮಪ್ಪ ಎಂಗೆ ಬಾಯ್ಪಾಠ ಏಳ್ಕೊಟ್ಟಿದ್ನೋ ಅಂಗೇ ಓದ್ಕಂಡ್ ಬಂದಿವ್ನಿ ಕಣವ್ವ. ಹೆಳವನ ಬಾಯಲ್ಲಿ ತಪ್ಪು ಬಂತು ಅಂದ್ರೆ ಇನ್ಯಾವ ಮನೆಯೋರು ನನ್ ನಂಬ್ತಾರೆ?”

ಅವನ ಕಣ್ಣಲ್ಲಿ ನಿಜವಾದ ಭಯವಿತ್ತು. ನನಗೂ ಪಾಪ ಅನ್ನಿಸಿತು. ಆದರೆ ಮೆದೆಯ ಆಚೆಗೆ ಮಾವ ಸೀನುವುದು ಕೇಳಿಸುತ್ತಿತ್ತು. “ತಪ್ಪು ಅಂತ ಯಾಕೆ ಹೇಳ್ತೀರಿ? ಅವತ್ತು ಅರ್ಧಕ್ಕೆ ನಿಲ್ಲಿಸಿದ್ದೆ, ಇವತ್ತು ಪೂರ್ತಿ ಓದ್ತೀನಿ ಅನ್ನಿ,” ಎಂದೆ. ಅವನ ಮುಖದಲ್ಲಿ ಜೀವ ಬಂತು. ನಾನು ಹೊತ್ತಿಗೆ ಕೊಡಲಿಲ್ಲ. “ಇನ್ನೊಂದು ಮಾತು. ನನ್ನ ಹೆಸರೂ ಇದರಲ್ಲಿ ಬರೀಬೇಕು.”

“ಅದಾಗಾಕಿಲ್ಲ ಕಣವ್ವ. ಹೆಣ್ಮಕ್ಕಳ ಹೆಸ್ರು ಬರ್ಯಾದು ನಮ್ ಕಟ್ಟಳೇಲೇ ಇಲ್ಲ.”

“ಎತ್ತಿನ ಹೆಸರು ಬರ್ದಿದೀರಲ್ಲ, ಹಲ್ಲು ಸಮೇತ!”

ಹೆಳವಯ್ಯ ಹೊತ್ತಿಗೆಗೆ ಕೈ ಚಾಚಿದ. “ಕೊಡವ್ವ. ಯೋಚ್ನೆ ಮಾಡ್ತೀನಿ,” ಎಂದು, ದನಿ ಎತ್ತರಿಸಿ, “ಯಾರಾದ್ರೂ ಬಂದು ನನ್ನ ಎತ್ತಿ ಕೂರಿಸ್ರಪ್ಪಾ!” ಎಂದು ಕೂಗಿದ. ಇಬ್ಬರು ಗಂಡಸರು ಬಂದು, ಈಗ ತಾನೇ ಅರ್ಧ ಮೈಲಿ ಓಡಿದವನನ್ನು ಬಲು ಜೋಪಾನವಾಗಿ ಎತ್ತಿ ಎತ್ತಿನ ಮೇಲೆ ಕೂರಿಸಿದರು.

ಅವನು ಓದಿದ. ಅದೇ ಭರ್ಜರಿ ಕಂಠ. ‘ನಾಲ್ಕು ಹಲ್ಲು’ ಎಂಬಲ್ಲಿಗೆ ಬಂದಾಗ ಕಣದಲ್ಲಿ ಗುಸುಗುಸು ಶುರುವಾಯಿತು. ‘ಎಡಗೊಂಬು’ ಎನ್ನುವಾಗ ಮಹದೇವಪ್ಪ ಹುಲ್ಲಿನ ಮೇಲೆ ಬಿದ್ದು ನಗತೊಡಗಿದರು.

ನಗದವರು ಇಬ್ಬರೇ. ಸಿದ್ದಪ್ಪನವರು ಮೊದಲು ಕೆರಳಿದರು. “ಅಂಗಂದ್ರೆ ನಾವು ಎತ್ತಿಗುಟ್ಟಿದೋರಾ?” ನಿಮ್ಮ ಬಸಪ್ಪ ಬೇರೆ, ನಮ್ಮ ಬಸವ ಬೇರೆ ಎಂದು ತಿಳಿಹೇಳಿದ ಮೇಲೆ ಕೋಪ ಇಳಿಯಿತು, ಮುಖವೂ ಇಳಿಯಿತು. ಅಪ್ಪಯ್ಯ ಕಣದ ನಡುವಿನ ಮೇಟಿ ಕಂಬಕ್ಕೆ ಒರಗಿ ಮಂಕಾಗಿ ನಿಂತಿದ್ದರು. “ಅಂಗಾರೆ ನಮಗೂ ನಿಮಗೂ ಏನೂ ಆಗ್ಬೇಕಾಗಿಲ್ವ?” ಎಂದು ಕೇಳಿದರು. ಮೂರು ದಿನ ಹೆಗಲ ಮೇಲಿದ್ದ ಕೈಯನ್ನು ಈಗ ಎಲ್ಲಿಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಅವರ ಒಬ್ಬನೇ ತಮ್ಮನನ್ನು ಕಿತ್ತುಕೊಂಡವಳು ನಾನು. ನನಗೆ ಬಹಳ ಸಂಕಟವಾಯಿತು. ಹೊತ್ತಿಗೆಯ ಹಾಳೆ ಅಂಟಿಕೊಂಡೇ ಇರಬಾರದಿತ್ತೇ ಎಂದು ಒಂದು ಕ್ಷಣ, ಒಂದೇ ಕ್ಷಣ, ಅನ್ನಿಸಿತು.

ಅಜ್ಜಿ ಮೊರ ಕೆಳಗಿಟ್ಟಳು. “ಅಯ್ಯೋ ಮಂಕು ಮುಂಡೇವ, ಬೀಗರಾಗ್ರಲಾ! ದಾಯಾದಿ ಅಂದ್ರೆ ಹೊಲದ್ ಬದು ಒತ್ತಿಸ್ದ ಅಂತ ಜಗಳ ಆಡ್ತೀರಿ. ಬೀಗರು ಅಂದ್ರೆ ಹೋಳಿಗೆ ತಿಂದ್ಕಂಡ್ ಜಗಳ ಆಡ್ಬೋದು!”

ವೀಳ್ಯದ ತಟ್ಟೆ ಮತ್ತೆ ಹೊರಗೆ ಬಂತು. ಎಲೆ ಬಾಡಿತ್ತು, ಬೇರೆ ಕೊಯ್ದು ತಂದರು. ಗಂಡಿನ ತಾಯಿ ನನ್ನನ್ನು ಮಗಳ ಕೆಲಸದಿಂದ ಬಿಡಿಸಿ ಸೊಸೆ ಮಾಡಿಕೊಂಡರು. ಶಿವಣ್ಣಮಾವ ದೊಡ್ಡ ಮನುಷ್ಯ, ಅಕ್ಷತೆಗೆ ನಿಂತು ಮನಸಾರೆ ಹರಸಿದ. ಮುಂದಿನ ವರ್ಷ ಕೆ.ಆರ್. ನಗರದ ಕಡೆಯಿಂದ ಹೆಂಡತಿ ತಂದ. ಅವಳೂ ನಶ್ಯ ಹಾಕುತ್ತಿದ್ದಳು, ಇಬ್ಬರೂ ಸುಖವಾಗಿದ್ದರು.

ಅದೇ ಬೇಸಿಗೆಗೆ ಮದುವೆಯಾಯಿತು. ಅಪ್ಪಯ್ಯ, ಅವ್ವ ಗಾಡಿಯಲ್ಲಿ ನನ್ನನ್ನು ಅಂತರಸಂತೆಗೆ ಕರೆದುಕೊಂಡು ಹೋಗಿ, ಎರಡು ದಿನ ಇದ್ದು, ಹಿಂತಿರುಗಿದರು. ಅವ್ವ ಗಾಡಿ ಮರೆಯಾಗುವವರೆಗೂ ಅತ್ತಳು. ಅಪ್ಪಯ್ಯ ಮುಂದೆ ಕೂತು ಎತ್ತು ಹೊಡೆಯುತ್ತಿದ್ದರು, ಒಮ್ಮೆಯೂ ತಿರುಗಿ ನೋಡಲಿಲ್ಲ. ಕಲ್ಲು ಮನುಷ್ಯ ಎಂದು ಆಗ ನನಗೆ ಸಿಟ್ಟು ಬಂದಿತ್ತು.

ಮೂರು ವರ್ಷ ಕಳೆದು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದೆ. ಹೆಳವಯ್ಯ ಬಂದ. ಬುಡದಿಂದ ಓದಿದ, ಬಸವನ ಹಲ್ಲನ್ನೂ ಬಿಡದೆ ಓದಿದ. ಅಪ್ಪಯ್ಯನ ಹೆಸರಿನವರೆಗೆ ಬಂದು, ಒಮ್ಮೆ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ನೋಡಿ, ದನಿ ಸ್ವಲ್ಪ ತಗ್ಗಿಸಿ ಓದಿದ:

“ನಂಜಪ್ಪನವರು ತಮ್ಮ ಗೌರಿಯ ಅಂತರಸಂತೆಯಲಿ ಬಿಟ್ಟು ಬಂದರು.”

ಅಪ್ಪಯ್ಯ ಜಗಲಿಯಿಂದ ಎದ್ದು, ಯಾರಿಗೂ ಮುಖ ತೋರಿಸದೆ ಕೊಟ್ಟಿಗೆಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಅಂಗಳದಲ್ಲಿದ್ದವರೆಲ್ಲ ಆಕಾಶ ನೋಡಿದರು.

ಹೋದ ತಿಂಗಳು ಆ ಸಾಲನ್ನು ಓದಿದವಳು ಕಾವ್ಯ. ಹೆಳವಯ್ಯನ ಮೊಮ್ಮಗ ಈಗ ಯಾರು ಬೇಕಾದರೂ ಓದಲಿ ಎಂದು ಹೊತ್ತಿಗೆಯನ್ನು ಕೈಗೇ ಕೊಡುತ್ತಾನೆ. ಅವಳು ಬೆರಳಿಟ್ಟು ಓದಿ, ತಲೆ ಕೆರೆದುಕೊಂಡು, “ಅಜ್ಜಿ, ಮೇಲೆ ಎತ್ತು ಬಿಟ್ಟು ಬಂದ್ರು ಅಂತಿದೆ. ಇಲ್ಲಿ ಗೌರೀನ ಬಿಟ್ಟು ಬಂದ್ರು ಅಂತಿದೆ. ಗೌರಿ ಅಂದ್ರೆ ಹಸುನಾ?” ಎಂದು ಕೇಳಿದಳು.

ಅಣ್ಣ ನಗಲು ಹೋಗಿ ಕೆಮ್ಮಿದ. ನಾನು ಹೇಳಿದೆ, “ಹಲ್ಲೆಷ್ಟು ಅಂತ ಬರ್ದವ್ರಾ ನೋಡವ್ವ.”

ಅವಳು ಕೆಳಗಿನ ಸಾಲು ನೋಡಿದಳು, ಹಾಳೆ ಮಗುಚಿ ನೋಡಿದಳು, ಅಂಟಿಕೊಂಡಿದೆಯೇನೋ ಎಂದು ಉಗುರಿನಿಂದಲೂ ನೋಡಿದಳು. “ಇಲ್ಲ ಅಜ್ಜಿ, ಬರ್ದಿಲ್ಲ.”

“ಆಗ ಇಪ್ಪತ್ತೆಂಟಿದ್ವು,” ಎಂದು ಹೆಳವಯ್ಯನ ಮೊಮ್ಮಗನ ಕಡೆ ತಿರುಗಿ ಬಾಯಿ ತೆರೆದು ತೋರಿಸಿದೆ. “ಈಗ ನಾಲ್ಕು. ಬರ್ಕೊಳ್ಳಪ್ಪ.”